ಡಾಕ್ಟರ್ ಬರೆದ ಪರ್ಸೆಂಟ್ ಬೇರೆ, ದುಡಿಮೆ ಕಳ್ಕೊಂಡ ಪರ್ಸೆಂಟ್ ಬೇರೆ

ಕುಟ್ಟ: ಕರಿಮೆಣಸು ಕೊಯ್ಲು ಅಂದ್ರೆ ಏಣಿ ಕೆಲಸ. ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಮೇಲೆ ಹತ್ತಿದವರು ಜಾರಿದ್ರೆ ಕಾಲೋ, ಸೊಂಟವೋ, ಕೈಯೋ ಮುರಿಯುತ್ತೆ. ಪ್ಲೇಟ್ ಹಾಕಿಸ್ಕೊಂಡು ತಿಂಗಳುಗಟ್ಟಲೆ ಲೈನ್‌ಮನೆಯಲ್ಲಿ ಮಲಗಿ ಎದ್ದ ಮೇಲೆ ಬರೋ ಪ್ರಶ್ನೆ: ಇನ್ನು ಮೊದಲಿನ ಹಾಗೆ ಕೆಲಸ ಆಗುತ್ತಾ? ಉತ್ತರ ಡಾಕ್ಟರ್ ಕೊಟ್ಟ ಸರ್ಟಿಫಿಕೇಟ್‌ನಲ್ಲಿದೆ ಅಂತ ಕಾರ್ಮಿಕರೂ ನಂಬ್ತಾರೆ, ಮಾಲೀಕರೂ ನಂಬ್ತಾರೆ. ಆದರೆ ಕೋರ್ಟು ಅಷ್ಟಕ್ಕೇ ನಿಲ್ಲಲ್ಲ.

2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 'ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್' ಎಂಬ ರಸ್ತೆ ಅಪಘಾತದ ಕೇಸಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಿತು. ಗಾಯಾಳುವಿನ ಸರ್ಟಿಫಿಕೇಟ್‌ನಲ್ಲಿ ಇದ್ದದ್ದು ಎಡಗಾಲಿಗೆ 45 ಪರ್ಸೆಂಟ್ ಊನ. ಕೋರ್ಟು ಅದನ್ನು ಇಡೀ ದೇಹಕ್ಕೆ 25, ಮುಂದಿನ ದುಡಿಮೆಗೆ ಆದ ನಷ್ಟಕ್ಕೆ 20 ಅಂತ ಇಳಿಸಿತು. ಊನ ಎಷ್ಟು ಅಂತ ಹೇಳೋದು ಡಾಕ್ಟರ್ ಕೆಲಸ, ದುಡಿಮೆ ಎಷ್ಟು ಹೋಯ್ತು ಅಂತ ತೀರ್ಮಾನಿಸೋದು ನ್ಯಾಯಮಂಡಳಿ ಕೆಲಸ ಅಂತಲೂ ಹೇಳಿತು.

ಇಳಿಯೋದು ಮಾತ್ರ ಅಲ್ಲ, ಏರೋದೂ ಉಂಟು. ಎಡಗೈ ಹೋದ ಡ್ರೈವರ್‌ಗೋ ಬಡಗಿಗೋ ನಷ್ಟ ಹೆಚ್ಚುಕಮ್ಮಿ 100, ಅದೇ ಕೈ ಹೋದ ಸರ್ಕಾರಿ ಗುಮಾಸ್ತರ ಸಂಬಳಕ್ಕೆ ಏನೂ ಆಗದೇ ಇರಬಹುದು ಅನ್ನೋದು ಅದೇ ತೀರ್ಪಿನ ಉದಾಹರಣೆ. ಮೊಣಕೈ ಮೇಲೆ ಎಡಗೈ ಕಳ್ಕೊಂಡ ಬಡಗಿಯೊಬ್ಬರಿಗೆ 1975ರಲ್ಲೇ ಸುಪ್ರೀಂ ಕೋರ್ಟ್ ಪೂರ್ತಿ 100 ಒಪ್ಪಿತ್ತು. ನಮ್ಮ ರಾಜ್ಯದ ತರಕಾರಿ ವ್ಯಾಪಾರಿಯೊಬ್ಬರ ಕೇಸೂ ಇದೆ. ಕಾಲು ಹೋದರೂ ತರಕಾರಿ ಮಾರಬಹುದಲ್ಲ ಅನ್ನೋ ಹೈಕೋರ್ಟ್ ನಿಲುವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ 85 ಪರ್ಸೆಂಟ್ ನಷ್ಟ ಅಂತ ತೀರ್ಪು ಕೊಟ್ಟಿತು. ಸಂತೆಯಲ್ಲಿ ಒಂದು ದಿನ ಕೂತವರಿಗೆ ಗೊತ್ತು, ಮೂಟೆ ಎತ್ತದೆ ತರಕಾರಿ ವ್ಯಾಪಾರ ಇಲ್ಲ.

ಈಗ ದುಡ್ಡಿಗೆ ಬರೋಣ. ಪರಿಹಾರ ಕಾಯ್ದೆಯ ಸೂತ್ರ ಇದು: ತಿಂಗಳ ಕೂಲಿಯ 60 ಪರ್ಸೆಂಟ್ ತಗೊಂಡು ವಯಸ್ಸಿನ ಅಂಕಿಯಿಂದ ಗುಣಿಸಬೇಕು, ಬಂದದ್ದರಲ್ಲಿ ದುಡಿಮೆ ನಷ್ಟದ ಪರ್ಸೆಂಟ್ ತೆಗೀಬೇಕು. ಕೂಲಿ 12,000, ವಯಸ್ಸು 40 ಅಂತಿಟ್ಕೊಳ್ಳಿ. ಅಂಕಿ 184.17. ನಷ್ಟ 10 ಪರ್ಸೆಂಟ್ ಆದ್ರೆ ಸುಮಾರು 1.32 ಲಕ್ಷ, 30 ಆದ್ರೆ ಸುಮಾರು 3.97 ಲಕ್ಷ. ಮೂಳೆ ಅದೇ, ಎಕ್ಸ್‌ರೇ ಅದೇ.

ಈ ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂದ್ರೆ, ಡಾಕ್ಟರಿಗೆ ನಾವು ಏನು ಹೇಳಿದ್ವಿ ಅನ್ನೋದರಿಂದ. 'ಕೂಲಿ ಕೆಲಸ' ಅಂದ್ರೆ ಅವರಿಗೆ ಏನೂ ಗೊತ್ತಾಗಲ್ಲ. ಏಣಿ ಹತ್ತಬೇಕು, ಇಳಿಜಾರಲ್ಲಿ ಮೂಟೆ ಹೊರಬೇಕು, ಕುಕ್ಕರಗಾಲಲ್ಲಿ ಕೂತು ಕಳೆ ತೆಗೀಬೇಕು ಅಂತ ಬಿಡಿಸಿ ಹೇಳಬೇಕು. ಮಂಡಿ ಎಷ್ಟು ಮಡಚುತ್ತೆ, ಎಷ್ಟು ಭಾರ ಎತ್ತಬಹುದು, ಏಣಿ ಹತ್ತಬಹುದಾ ಅಂತ ಅವರು ಬರೆದರೆ ಕೇಸಿಗೆ ಗಟ್ಟಿ. 'ಫಿಟ್' ಅಂತ ಒಂದೇ ಪದ ಬರೆದ ಚೀಟಿಯಿಂದ ಕಣದಲ್ಲಿ ಕಾಫಿ ಹರಡೋಕೆ ಫಿಟ್ಟೋ, ಮರ ಹತ್ತೋಕೆ ಫಿಟ್ಟೋ ತಿಳಿಯಲ್ಲ.

ಇನ್ನೊಂದು ವಿಷಯ. ಚಿಕಿತ್ಸೆಯನ್ನೇ ಕೊಡದ ಡಾಕ್ಟರ್‌ಗಳು ಧಾರಾಳವಾಗಿ ಕೊಡೋ ಸರ್ಟಿಫಿಕೇಟ್ ಬಗ್ಗೆ ಹುಷಾರಾಗಿರಿ ಅಂತ ರಾಜ್‌ಕುಮಾರ್ ತೀರ್ಪು ಎಚ್ಚರಿಸಿದೆ. ಆಪರೇಷನ್ ಮಾಡಿದವರು ಬಂದು ಸಾಕ್ಷಿ ಹೇಳಿದ್ರೆ ಬೆಲೆ ಜಾಸ್ತಿ. ಕುಟ್ಟದವರಿಗೆ ಇದೇ ಕಷ್ಟ. ನಾವು ಹೋಗೋದು ಮಾನಂತವಾಡಿಗೋ ಮೈಸೂರಿಗೋ, ಅಲ್ಲಿನ ಡಾಕ್ಟರ್ ಓಪಿಡಿ ಬಿಟ್ಟು ಇಲ್ಲಿಗೆ ಬರ್ತಾರಾ? ಇದಕ್ಕೂ ಆ ತೀರ್ಪಲ್ಲಿ ದಾರಿ ಇದೆ: ಡಾಕ್ಟರಿಗೆ ನಿಗದಿತ ಸಮಯ ಕೊಟ್ಟು ಕಾಯಿಸದೆ ಕಳಿಸಬೇಕು, ಇಲ್ಲಾ ಕಮಿಷನರ್ ನೇಮಿಸಿ ಅವರಿದ್ದಲ್ಲೇ ಸಾಕ್ಷಿ ಪಡೀಬಹುದು. ವಕೀಲರ ಹತ್ರ ಇದನ್ನು ಕೇಳಿ ಅರ್ಜಿ ಹಾಕಿಸ್ಕೊಳ್ಳಿ.

ಅಂಗಡಿಯವರೂ ಇದರಿಂದ ಹೊರಗಿಲ್ಲ. ಗೋಡೌನ್‌ನಲ್ಲಿ ಮೂಟೆ ಇಳಿಸೋ ಹುಡುಗನ ಬೆನ್ನುಮೂಳೆಗೆ ಪೆಟ್ಟಾದ್ರೆ, ಗುಣವಾದ ಮೇಲೆ ಅವನನ್ನು ಗಲ್ಲಾದಲ್ಲಿ ಕೂರಿಸೋಕೆ ಆಗುತ್ತಾ ನೋಡಿ. ಅದೇ ಸಂಬಳಕ್ಕೆ ಹಗುರ ಕೆಲಸ ಕೊಟ್ಟಿದ್ರೆ ಅದನ್ನು ಬರೆದಿಡಿ. ದುಡಿಮೆ ನಷ್ಟ ಎಷ್ಟು ಅಂತ ನೋಡುವಾಗ ಆ ದಾಖಲೆ ಲೆಕ್ಕಕ್ಕೆ ಬರುತ್ತೆ. ತೋಟದಲ್ಲಿ ಇದು ಅಷ್ಟು ಸುಲಭ ಅಲ್ಲ, ಕೂತು ಮಾಡೋ ಕೆಲಸ ಅಲ್ಲಿ ಎಷ್ಟಿದೆ ಅಂತ ರೈಟರ್‌ಗಳನ್ನೇ ಕೇಳಿ. ಕೂಲಿ ಪುಸ್ತಕ ಇಲ್ಲದಿದ್ರೆ ಇಬ್ಬರಿಗೂ ತಲೆನೋವು, ಆಗ ಸಂಬಳ ಎಷ್ಟು ಅನ್ನೋದೇ ಜಗಳ ಆಗುತ್ತೆ.

ಎದ್ದು ಓಡಾಡೋಕೆ ಆಗದ ತಿಂಗಳುಗಳಿಗೂ ಕಾಯ್ದೆಯಲ್ಲಿ ದುಡ್ಡಿದೆ: ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ 25 ಪರ್ಸೆಂಟ್, ಅಂದ್ರೆ ಹೆಚ್ಚುಕಮ್ಮಿ ಅರ್ಧ ಸಂಬಳ. ಪರಿಹಾರದ ಅರ್ಜಿ ಅಪಘಾತ ಆದ ಎರಡು ವರ್ಷದೊಳಗೆ ಹಾಕಬೇಕು.