ಜಾಮೀನು ಸಹಿಗೆ ಮುನ್ನ

ಎಂಜಿನಿಯರಿಂಗ್ ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ಒಂದೆರಡು ತಿಂಗಳಲ್ಲಿ ಪುಣೆಯ ನಮ್ಮ ಸಂಘದ ಕಚೇರಿಗೆ ಹೊಸ ಮುಖಗಳು ಬರತೊಡಗುತ್ತವೆ. ದಾವಣಗೆರೆ, ಹುಬ್ಬಳ್ಳಿ, ಬಾಗಲಕೋಟೆ, ಕಲಬುರಗಿಗಳ ತರುಣ ತರುಣಿಯರಿವರು. ಬಹುಮಂದಿಗೆ ಬೇಕಾದುದು ಇರಲೊಂದು ಕೋಣೆ, ಖಾನಾವಳಿಯ ವಿಳಾಸ. ಕೆಲವರ ಕೈಯಲ್ಲಿ ಮಾತ್ರ ಛಾಪಾ ಕಾಗದವಿರುತ್ತದೆ. ಕೆಲಸ ಕೊಟ್ಟ ಕಂಪನಿ ಎರಡು ವರ್ಷದ ಕರಾರು ಕೇಳಿದೆ. ಊರಿನಲ್ಲಿ ತಂದೆಯ ಸಹಿ ಆಗಿದೆ. ಇದೇ ನಗರದಲ್ಲಿ ನೆಲೆಸಿದ ಒಬ್ಬರ ಜಾಮೀನೂ ಬೇಕಂತೆ. ‘ಕಾಕಾ, ಇಲ್ಲೊಂದು ಸಹಿ ಮಾಡ್ರಿ’ ಎಂದರೆ ನಮ್ಮ ಹಿರಿಯರು ಇಲ್ಲವೆನ್ನಲಾರರು. ಅವರು ಈ ಊರಿಗೆ ಬಂದಿಳಿದಾಗ ಅವರಿಗೂ ಯಾರೋ ಒಬ್ಬರು ಹೀಗೆಯೇ ನಿಂತಿದ್ದರು.

ಈ ಔದಾರ್ಯ ಉಳಿಯಬೇಕು. ಆದರೆ ಸಹಿಯ ಅರ್ಥವೇನೆಂಬುದನ್ನು ಸಹಿ ಹಾಕುವವರೂ ಹಾಕಿಸಿಕೊಳ್ಳುವವರೂ ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಮೂಲ ಹೊಣೆಗಾರನ ಹೊಣೆಯಷ್ಟೇ ದೊಡ್ಡದು. ‘ಮೊದಲು ಹುಡುಗನನ್ನು ಹಿಡಿಯಿರಿ, ಆಮೇಲೆ ನನ್ನಲ್ಲಿಗೆ ಬನ್ನಿ’ ಎನ್ನುವ ಹಕ್ಕು ಅವನಿಗೆ ಸಾಮಾನ್ಯವಾಗಿ ಇಲ್ಲ. ಹುಡುಗ ಆರನೆಯ ತಿಂಗಳಲ್ಲಿ ಹೇಳದೆ ಕೇಳದೆ ಬೇರೆ ಕಂಪನಿಗೆ ಹೋದರೆ, ನೋಟೀಸು ಬರುವುದು ನಿವೃತ್ತಿವೇತನದಲ್ಲಿ ಬದುಕುವ ಕಾಕಾ ಅವರ ಮನೆಗೆ.

ಇಂಥ ಕರಾರುಗಳಿಗೆ ನ್ಯಾಯಾಲಯದಲ್ಲಿ ಬೆಲೆಯೇ ಇಲ್ಲವೆಂದು ಕಾಲೇಜು ಹುಡುಗರು ನಂಬಿಕೊಂಡಿದ್ದಾರೆ. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು ಅವರು ಓದಬೇಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿಹೋದ ನಮ್ಮ ವಿಜಯಾ ಬ್ಯಾಂಕಿನ ವ್ಯಾಜ್ಯವದು. ಮೂರು ವರ್ಷ ತುಂಬುವ ಮುನ್ನ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರಬೇಕೆಂಬ ಷರತ್ತಿಗೆ ಒಪ್ಪಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬಿಟ್ಟು ಹೋದರು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪರವಾಗಿತ್ತು; ಸರ್ವೋಚ್ಚ ನ್ಯಾಯಾಲಯ ಷರತ್ತನ್ನು ಎತ್ತಿಹಿಡಿಯಿತು. ಅವರು ಎಂಜಿನಿಯರಲ್ಲ, ಹೊಸಬರೂ ಅಲ್ಲ. ಮಾಲಿಕ ಸರಕಾರಿ ಬ್ಯಾಂಕು. ಆದ್ದರಿಂದ ಎಲ್ಲ ಖಾಸಗಿ ಕರಾರುಗಳಿಗೂ ಈ ತೀರ್ಪು ಮುದ್ರೆ ಒತ್ತಿತೆಂದು ತಿಳಿಯುವುದೂ ತಪ್ಪು. ಅದೇ ಕಾಯಿದೆಯ 74ನೆಯ ಕಲಮು ನಮೂದಿಸಿದ ಮೊತ್ತವನ್ನು ಮೇಲ್ಮಿತಿಯೆಂದಷ್ಟೇ ಕಾಣುತ್ತದೆ. ಸಲ್ಲಬೇಕಾದುದು ಅದರೊಳಗಿನ ನ್ಯಾಯಯುತ ಪರಿಹಾರ. ತರಬೇತಿಯನ್ನೇ ಕೊಡದೆ ತರಬೇತಿಯ ವೆಚ್ಚವೆಂದು ಲಕ್ಷಗಟ್ಟಲೆ ಬರೆಸಿಕೊಳ್ಳುವ ಕಂಪನಿಗೆ ಅದನ್ನು ಸಮರ್ಥಿಸಿಕೊಳ್ಳುವುದು ಸುಲಭವಲ್ಲ. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವ ಕಂಪನಿಯನ್ನಂತೂ ಹೊಸಿಲಲ್ಲೇ ಬಿಟ್ಟು ಬರುವುದು ಮೇಲು.

ಉದ್ಯೋಗದಾತರು ಹೊಸಬರಲ್ಲಿ ನಿಷ್ಠೆಯಿಲ್ಲವೆಂದು ಕೊರಗುತ್ತಾರೆ. 2022ರಲ್ಲಿ ನೇಮಕದ ಪತ್ರ ಕೊಟ್ಟ ಕೆಲವು ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹುಡುಗರನ್ನು ಎರಡು ವರ್ಷದವರೆಗೂ ಮನೆಯಲ್ಲಿ ಕೂರಿಸಿದುದು ಲೋಕಕ್ಕೆಲ್ಲ ಗೊತ್ತು. ಹಾಗೆ ಕಾಯಿಸಿದವರು ನಿಷ್ಠೆಯ ಪಾಠ ಹೇಳಿದರೆ ಕೇಳುವವರಾರು? ಆದರೂ ಇದನ್ನೇ ನೆಪ ಮಾಡಿಕೊಂಡು ಮೂರು ಕಡೆ ಒಪ್ಪಿಗೆ ಬರೆದು ಎರಡು ಕಡೆ ಮುಖ ತೋರಿಸದಿರುವುದನ್ನು, ಮಾಡದ ಕೆಲಸಕ್ಕೆ ಅನುಭವಪತ್ರ ಕೊಂಡುಕೊಳ್ಳುವುದನ್ನು ನಾವು ಒಪ್ಪಲಾರೆವು. ಇದರ ದಂಡವನ್ನು ತೆರುವವರು ಅದೇ ಕಾಲೇಜಿನಿಂದ ಮುಂದಿನ ವರ್ಷ ಹೊರಬರುವ ಮಕ್ಕಳು. ಸಣ್ಣ ಊರಿನ ಕಾಲೇಜಿಗೆ ಒಮ್ಮೆ ಬೆನ್ನು ತಿರುಗಿಸಿದ ಕಂಪನಿ ಮತ್ತೆ ಬರುವುದು ಅಪರೂಪ.

ಮಾಲಿಕರು ಬಯಸುವುದು ಶಿಸ್ತು. ಶಿಸ್ತೆಂದರೇನು? ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಗಳ ಕಥೆಯನ್ನು ಎಲ್ಲ ವೇದಿಕೆಗಳಲ್ಲೂ ಹೇಳುತ್ತಾರೆ. ಅದಕ್ಕಿಂತ ಉಪಯುಕ್ತವಾದ ಪ್ರಸಂಗವನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಇದೇ ಪುಣೆಯ ಕಾಲೇಜಿನಲ್ಲಿ ಓದಿ 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದ ಆ ತರುಣನನ್ನು ಖಾನದೇಶದ ದಾತರ್ತಿಯಲ್ಲಿ ಕೊಳವೆಯ ಸೈಫನ್ ಕಟ್ಟಿಸಲು ಕಳಿಸಿದರು. ಮಳೆಗಾಲದ ಅಡ್ಡಿಗಳನ್ನು ಕಂಡು, ಕೆಲಸವನ್ನು ಮಳೆ ಮುಗಿಯುವವರೆಗೆ ತಡೆಹಿಡಿಯುವುದು ಲೇಸೆಂದು ಆತ ಮೇಲಧಿಕಾರಿಗೆ ಬರೆದ. ಶಿಸ್ತಿನ ಅರಿವಿಲ್ಲವೆಂಬ ಗದರಿಕೆ ಉತ್ತರವಾಗಿ ಬಂತು. ಆತ ಕೆಲಸಕ್ಕೆ ಕೈಹಾಕಿ ಮುಗಿಸಿದ.

ಈ ಪ್ರಸಂಗವನ್ನು ಕಂಪನಿಗಳು ಹೇಳಿದರೆ ವಿಧೇಯತೆಯ ಭಾಗವನ್ನಷ್ಟೇ ಹೇಳುತ್ತವೆ. ನಮಗೆ ಮುಖ್ಯವೆನಿಸುವುದು ಮೊದಲ ಪತ್ರ. ಕೆಲಸಕ್ಕೆ ಸೇರಿದ ಹೊಸತರಲ್ಲೇ, ಪರಭಾಷೆಯ ಸೀಮೆಯಲ್ಲಿ, ಆಂಗ್ಲ ಅಧಿಕಾರಶಾಹಿಯ ಕೆಳಗೆ, ತನಗೆ ಕಂಡುದನ್ನು ಕಾರಣ ಸಹಿತ ಬರೆದು ಕಳಿಸಿದ ಧೈರ್ಯವದು. ಅಲ್ಲಿ ಪಣವಾಗಿದ್ದುದು ಕಾಲ ಮತ್ತು ಹಣ. ಆದ್ದರಿಂದ ಕೊನೆಗೆ ಮಣಿದುದೂ ಸರಿಯೇ. ಜನರ ಪ್ರಾಣ ಪಣವಾಗಿದ್ದಲ್ಲಿ, ಕಾಂಕ್ರೀಟಿನ ಪರೀಕ್ಷೆಯ ಅಂಕಿಯನ್ನೋ ಬಾಯ್ಲರಿನ ತಪಾಸಣೆಯ ದಿನಾಂಕವನ್ನೋ ತಿದ್ದೆಂದು ಮೇಲಿನವರು ಹೇಳಿದಲ್ಲಿ, ಮಣಿಯಕೂಡದು. ತಿದ್ದಿದ ಕಾಗದದ ಕೆಳಗೆ ಉಳಿಯುವುದು ಹೇಳಿದವರ ಹೆಸರಲ್ಲ, ಸಹಿ ಹಾಕಿದ ಹೊಸ ಹುಡುಗನ ಹೆಸರು. ಈ ಮಾತನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳದೆ ಪದವಿ ಪಡೆದವರು ನಮ್ಮಲ್ಲಿಗೆ ಬರುತ್ತಿದ್ದಾರೆ. ಕಾರಖಾನೆಗಳಲ್ಲಿ ಮೂವತ್ತು ವರ್ಷ ದುಡಿದ ಸದಸ್ಯರು ನಮ್ಮ ನಡುವೆ ಅನೇಕರಿದ್ದಾರೆ; ಸಹಿಗಿಂತ ಮೊದಲು ಅವರು ಈ ಮಕ್ಕಳಿಗೆ ಕೊಡಬೇಕಾದುದು ಒಂದು ಸಂಜೆ.

ಜಾಮೀನು ನಿಲ್ಲಬೇಡಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಮೊತ್ತವೆಷ್ಟು, ಅವಧಿಯೆಷ್ಟು, ಕಂಪನಿಯೇ ಕೆಲಸದಿಂದ ತೆಗೆದರೆ ಹೊಣೆ ಯಾರದು ಎಂಬಿಷ್ಟನ್ನು ಓದಿ, ಹುಡುಗನ ತಂದೆತಾಯಿಗಳೊಡನೆ ಒಮ್ಮೆ ಮಾತನಾಡಿ ನಿಲ್ಲಿ. ಕಚೇರಿಗೆ ಬರುವ ತರುಣರು ಕರಾರಿನ ಎಲ್ಲ ಪುಟಗಳನ್ನೂ ತರಬೇಕು. ಸಹಿಯ ಜಾಗವಿರುವ ಕೊನೆಯ ಹಾಳೆಯೊಂದನ್ನೇ ಅಲ್ಲ.