ತಕಿಟ ತಕಿಟ ತಕ

ಕ್ಯೂಬಾ ಮೊದಲಾದ ದೇಶಗಳ ಲ್ಯಾಟಿನ್ ಸಂಗೀತವನ್ನು ಮಕ್ಕಳು ಕೇಳತೊಡಗಿದೊಡನೆ ‘ಇದೇನು ಗದ್ದಲ’ ಎಂದು ಗದರುವ ಹಿರಿಯರುಂಟು. ವಾಚಕ ಮಹಾಶಯರು ಒಮ್ಮೆ ಸಾವಧಾನದಿಂದ ಕಿವಿಗೊಡಬೇಕು. ಅದರ ಬಹುಪ್ರಚಲಿತವಾದ ಒಂದು ಲಯದಲ್ಲಿ ೮ ಮಾತ್ರೆಗಳು ೩, ೩, ೨ ಎಂದು ಒಡೆಯುತ್ತವೆ; ನಮ್ಮ ಬಾಯಿತಾಳದಲ್ಲಿ ಹೇಳುವುದಾದರೆ ‘ತಕಿಟ ತಕಿಟ ತಕ’. ಇದರಲ್ಲಿ ಪರಕೀಯವಾದುದೇನು?

ವಾದ್ಯಗಳೂ ನಮ್ಮ ಮನೆಗಳಿಗೆ ದೂರವಾದುವಲ್ಲ: ತಾಳಕ್ಕೆ ಎರಡು ಮರದ ಕೋಲು, ಬೀಜ ತುಂಬಿದ ಸೋರೆಬುರುಡೆ, ಕೈಯಿಂದ ಬಡಿಯುವ ಮರದ ಪೆಟ್ಟಿಗೆ. ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು ಸರ್ವಸ್ವವನ್ನು ಕಳೆದುಕೊಂಡರೂ ಲಯವನ್ನು ಬಿಡಲಿಲ್ಲ. ಕ್ಯೂಬಾದಲ್ಲಿ ಆ ದಾಸ್ಯವು ೧೮೮೬ರಲ್ಲಿ ಕೊನೆಗೊಂಡಿತು. ಅವರ ಸಂತತಿಯವರು ಬೆಳೆಯಿಸಿದ ರುಂಬಾವನ್ನು ೨೦೧೬ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಮನ್ನಿಸಿತು.

ನಮ್ಮ ನೆರೆಯಲ್ಲಿಯೂ ಇಂಥ ನಿದರ್ಶನವಿದೆ. ಗೋವೆಯನ್ನು ತೊರೆದು ಬಂದ ಕುಡುಬಿಯರು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳ ಸೀಮೆಯಲ್ಲಿ ಮಣ್ಣಿನ ಮಡಕೆಗೆ ಚರ್ಮ ಬಿಗಿದ ಗುಮಟೆಯನ್ನು ಹೋಳಿಯ ಕಾಲದಲ್ಲಿ ಇಂದಿಗೂ ನುಡಿಸುವರು.

ಲಯವು ಕೈಯಿಂದ ಕೈಗೆ ದಾಟಿ ಉಳಿಯುವಂಥದು. ಒಂದು ತಲೆಮಾರಿನ ಕೈಯನ್ನು ತಡೆದರೆ ಮುಂದಿನದಕ್ಕೆ ದೊರೆಯದು. ಆದುದರಿಂದ ಮಗುವು ಡಬ್ಬಿಯ ಮೇಲೆ ಬೆರಳಾಡಿಸಿದಾಗ, ಗದರದೆ ಒಂದಾವರ್ತವಾದರೂ ಜೊತೆಗೂಡುವುದು ಹಿರಿಯರಿಗೆ ಶೋಭಿಸುವುದು.