ಮಕ್ಕಳ ಆಟವೂ ದೊಡ್ಡವರ ಅಂಕಪಟ್ಟಿಯೂ

ಕಾಲ್ಚೆಂಡಾಟದ ಎರಡು ಗೋಲುಗಂಬಗಳ ನಡುವಣ ಅಂತರ 24 ಅಡಿ. ನೆಲದಿಂದ ಅಡ್ಡಪಟ್ಟಿಯ ಎತ್ತರ 8 ಅಡಿ. ಪೂರ್ಣವಾಗಿ ಬೆಳೆದು, ಕೈಚಾಚಿ ನೆಗೆಯಬಲ್ಲ ವಯಸ್ಕನಿಗೆ ಹೊಂದುವ ಈ ಅಳತೆಯ ಕೆಳಗೆ ನಾಲ್ಕೂವರೆ ಅಡಿಯ ಹತ್ತು ವರ್ಷದ ಬಾಲಕನೊಬ್ಬನನ್ನು ನಿಲ್ಲಿಸಿ ನೋಡಿರಿ. ಅವನು ಎಷ್ಟೇ ಚುರುಕಿನವನಾಗಿರಲಿ, ಎಷ್ಟೇ ಧೈರ್ಯವುಳ್ಳವನಾಗಿರಲಿ, ತಲೆಯ ಮೇಲಿಂದ ಬರುವ ಚೆಂಡು ಅವನ ಕೈಗೆ ಎಟುಕತಕ್ಕದ್ದಲ್ಲ. ಇದನ್ನು ಬಲ್ಲ ತರಬೇತುದಾರನಿಗೆ ಪಂದ್ಯವನ್ನು ಗೆಲ್ಲುವ ಹಾದಿ ಬಹು ಸುಲಭ: ಓರಗೆಯವರಿಗಿಂತ ಮೊದಲೇ ಬೆಳೆದುನಿಂತು ಕಾಲಿನಲ್ಲಿ ಬಲ ತುಂಬಿಕೊಂಡಿರುವ ಹುಡುಗನೊಬ್ಬನನ್ನು ಆರಿಸಿ, ಚೆಂಡು ಸಿಕ್ಕಿದೊಡನೆ ಎತ್ತಿ ಒದೆಯೆಂದು ಅವನಿಗೆ ಹೇಳಿಕೊಟ್ಟರೆ ಸಾಕು, ಉಳಿದವರು ತಲೆಯ ಮೇಲೆ ಹಾರಿಹೋಗುವ ಚೆಂಡನ್ನು ನೋಡುತ್ತ ಅತ್ತಿಂದಿತ್ತ ಓಡುತ್ತಿದ್ದರೂ ಫಲಿತಾಂಶಕ್ಕೆ ಬಾಧಕವಿಲ್ಲ. ಕಪ್ಪು ಬರುತ್ತದೆ, ಛಾಯಾಚಿತ್ರ ಅಚ್ಚಾಗುತ್ತದೆ, ಅಕಾಡೆಮಿಯ ಹೆಸರು ಬೆಳೆಯುತ್ತದೆ. ಆ ಮಧ್ಯಾಹ್ನ ಯಾವ ಮಗುವಾದರೂ ಏನನ್ನಾದರೂ ಕಲಿತು ಮನೆಗೆ ಹೋಯಿತೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಈ ಪ್ರಶ್ನೆಯನ್ನು ಒಂದು ದೇಶ ಗಂಭೀರವಾಗಿ ಎತ್ತಿತು. 2000ನೆಯ ಇಸವಿಯಲ್ಲಿ ನೆದರ್ಲೆಂಡ್ಸ್‌ನೊಡನೆ ಕೂಡಿ ಯೂರೋಪಿನ ರಾಷ್ಟ್ರಗಳ ಪಂದ್ಯಾವಳಿಯನ್ನು ತನ್ನ ನೆಲದಲ್ಲಿಯೇ ನಡೆಸಿದ ಬೆಲ್ಜಿಯಂ, ಸ್ವೀಡನ್ನನ್ನು ಗೆದ್ದರೂ ಇಟಲಿಗೂ ಟರ್ಕಿಗೂ ಸೋತು, ತನ್ನ ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ ಮೊದಲ ಸುತ್ತಿನಿಂದ ಹೊರನಡೆಯಿತು. ಇಂಥ ಅಪಮಾನದ ತರುವಾಯ ತರಬೇತುದಾರನನ್ನು ಬದಲಾಯಿಸಿ ಸಮಾಧಾನ ಪಡೆಯುವುದು ಲೋಕರೂಢಿ. ಅಲ್ಲಿನ ಒಕ್ಕೂಟದ ತಾಂತ್ರಿಕ ನಿರ್ದೇಶಕ ಮಿಷೆಲ್ ಸಾಬ್ಲಾನ್ ಅವರ ದೃಷ್ಟಿಯಾದರೋ ಹಿರಿಯರ ತಂಡವನ್ನು ದಾಟಿ ಏಳೆಂಟು ವರ್ಷದ ಮಕ್ಕಳ ಮೈದಾನದ ಕಡೆಗೆ ಹರಿಯಿತು. ಲೂವೆನ್ ವಿಶ್ವವಿದ್ಯಾಲಯದ ವಿದ್ವಾಂಸರಿಗೆ ಅಧ್ಯಯನದ ಭಾರವನ್ನು ಒಪ್ಪಿಸಿ, ಬೇರೆ ಬೇರೆ ವಯಸ್ಸಿನ ಮಕ್ಕಳ ಸುಮಾರು 1,500 ಪಂದ್ಯಗಳನ್ನು ಚಿತ್ರೀಕರಿಸಿ ಪರಿಶೀಲಿಸಲಾಯಿತು. ಗೆಲುವಿನ ಮೇಲೆ ಇಟ್ಟ ಒತ್ತು ಅತಿಯಾಗಿ, ಕಲಿಕೆಯ ಮೇಲೆ ಇಟ್ಟದ್ದು ಅತ್ಯಲ್ಪವಾಗಿತ್ತೆಂಬುದೇ ಆ ಪರಿಶೀಲನೆಯ ಸಾರ. ಚಿಕ್ಕ ಮಕ್ಕಳನ್ನು ದೊಡ್ಡ ತಂಡಗಳಲ್ಲಿ ಆಡಿಸಿದಾಗ ಅರ್ಧ ಗಂಟೆಯಲ್ಲಿ ಒಂದು ಮಗುವಿನ ಕಾಲಿಗೆ ಚೆಂಡು ಎರಡೇ ಬಾರಿ ತಗುಲಿದ್ದೂ ಉಂಟೆಂದು ಸಾಬ್ಲಾನ್ ಅನಂತರ ಹೇಳಿದ್ದಾರೆ. ಎರಡೇ ಬಾರಿ! ಅರ್ಧ ಗಂಟೆ ವೀಣೆಯ ಮುಂದೆ ಕುಳಿತ ಶಿಷ್ಯನಿಗೆ ಎರಡು ಸಲ ತಂತಿ ಮೀಟಲು ಅವಕಾಶ ಕೊಟ್ಟು, ಅದನ್ನು ಸಂಗೀತಪಾಠವೆಂದು ಯಾವ ಗುರುವೂ ಕರೆಯಲಾರನು.

ಆ ಬಳಿಕ ಆದ ಏರ್ಪಾಟು ಸರಳವಾದದ್ದು. ಅತಿ ಚಿಕ್ಕವರು ಇಬ್ಬರಿಗೆ ಇಬ್ಬರಂತೆ ಆಡತಕ್ಕದ್ದು. ಸ್ವಲ್ಪ ಬೆಳೆದಮೇಲೆ ಐವರಿಗೆ ಐವರು, ಆಮೇಲೆ ಎಂಟು ಮಂದಿಗೆ ಎಂಟು ಮಂದಿ, ಕಟ್ಟಕಡೆಗೆ ಹನ್ನೊಂದು. ಇಬ್ಬರ ತಂಡದಲ್ಲಿ ಒಬ್ಬನು ಗೋಲು ಕಾಯುವವನಾದರೆ ಇನ್ನೊಬ್ಬನ ಬಳಿ ಚೆಂಡು; ಅವನಿಗೆ ಯಾರ ಬೆನ್ನ ಹಿಂದೆಯೂ ಅಡಗಲು ಸ್ಥಳವಿಲ್ಲ, ಯಾರಿಗೋ ದಾಟಿಸಿ ಹೊಣೆ ಕಳೆದುಕೊಳ್ಳಲೂ ಆಗದು. ಎಡಕ್ಕೆ ತಿರುಗುವುದೋ ಬಲಕ್ಕೆ ತಿರುಗುವುದೋ, ನಿಲ್ಲಿಸುವುದೋ ಮುನ್ನುಗ್ಗುವುದೋ ಎಂಬುದನ್ನು ಕ್ಷಣಕ್ಷಣಕ್ಕೂ ಅವನೇ ನಿರ್ಣಯಿಸಬೇಕು. ತಪ್ಪಿದರೆ ಮರುಕ್ಷಣವೇ ಚೆಂಡು ಮತ್ತೆ ಅವನ ಕಾಲಿಗೆ ಬಂದು, ತಿದ್ದಿಕೊಳ್ಳಲು ಎಡೆಗೊಡುತ್ತದೆ. ಇದರೊಂದಿಗೆ ಏಳು ಮತ್ತು ಎಂಟು ವರ್ಷದೊಳಗಿನವರ ಅಂಕಪಟ್ಟಿಯನ್ನು ತೆಗೆದುಹಾಕಲಾಯಿತು. ಗೋಲುಗಳನ್ನು ತೆಗೆಯಲಿಲ್ಲ, ಆಟದ ಸಂಭ್ರಮವನ್ನು ತೆಗೆಯಲಿಲ್ಲ. ಯಾವ ಕ್ಲಬ್ಬು ಮೇಲೆ, ಯಾವುದು ಕೆಳಗೆ ಎಂದು ತೋರಿಸುವ ಆ ಒಂದು ಕಾಗದವನ್ನು ಮಾತ್ರ ತೆಗೆದರು. ವಿರೋಧ ಬಂದದ್ದು ಮಕ್ಕಳಿಂದಲ್ಲ, ಹಿರಿಯರಿಂದ.

ಬೆಲ್ಜಿಯಂ 2018ರ ವಿಶ್ವಕಪ್ಪಿನಲ್ಲಿ ಬ್ರೆಜಿಲನ್ನು ಮಣಿಸಿ ಮೂರನೆಯ ಸ್ಥಾನಕ್ಕೆ ಬಂದುದನ್ನು ಈ ಸುಧಾರಣೆಯ ಫಲವೆಂದು ಎತ್ತಿ ತೋರಿಸುವವರುಂಟು. ಅದರಲ್ಲಿ ಸತ್ಯಾಂಶವಿದ್ದರೂ ಇರಬಹುದು. ಆದರೆ ಆ ತಂಡದ ಆಟಗಾರ ಏಡನ್ ಹಜಾರ್ಡ್ ಎಳೆಯ ವಯಸ್ಸಿನಲ್ಲಿಯೇ ಫ್ರಾನ್ಸಿನ ಲಿಲ್ ನಗರದ ಕ್ಲಬ್ಬಿಗೆ ಹೋಗಿ ಪಳಗಿದವನೆಂಬುದನ್ನೂ, ಅದೇ ಬೆಲ್ಜಿಯಂ 2022ರಲ್ಲಿ ಕತಾರಿನ ಗುಂಪುಹಂತವನ್ನು ದಾಟಲಾರದೆ ಹೋಯಿತೆಂಬುದನ್ನೂ ಮರೆಯುವಂತಿಲ್ಲ. ನನ್ನ ಮೆಚ್ಚುಗೆಗೆ ಆಧಾರ ಆ ಮೂರನೆಯ ಸ್ಥಾನವಲ್ಲ. ಮೈದಾನಕ್ಕೆ ಬರುವ ಮಕ್ಕಳಲ್ಲಿ ಬಹುಪಾಲಿನವರು ಎಂದೂ ರಾಷ್ಟ್ರದ ಅಂಗಿಯನ್ನು ತೊಡುವವರಲ್ಲ. ಚೆಂಡಿನೊಡನೆ ಕಳೆದ ಆ ನಾಲ್ಕಾರು ವರ್ಷಗಳೇ ಅವರ ಪಾಲಿನ ಸರ್ವಸ್ವ. ಬೆಲ್ಜಿಯಂ ಒಂದು ಪಂದ್ಯವನ್ನೂ ಗೆಲ್ಲದೆ ಹೋಗಿದ್ದರೂ ಆ ಮಕ್ಕಳ ಕಾಲಿಗೆ ಚೆಂಡನ್ನು ಒಪ್ಪಿಸಿದ ಕಾರ್ಯ ನ್ಯಾಯವಾದದ್ದೇ ಆಗಿರುತ್ತಿತ್ತು.

ಗೆಲುವಿನ ಅವಸರ ಯಾವ ಅನ್ಯಾಯಕ್ಕೆ ದಾರಿಮಾಡುತ್ತದೆಂಬುದನ್ನು ಬೆಲ್ಜಿಯಂನ ಸಂಶೋಧಕ ವರ್ನರ್ ಹೆಲ್ಸನ್ ಮತ್ತು ಅವರ ಸಹೋದ್ಯೋಗಿಗಳು ಅಂಕೆಗಳಿಂದಲೇ ತೋರಿಸಿದ್ದಾರೆ. ಅಲ್ಲಿ ಮಕ್ಕಳನ್ನು ವಯೋವರ್ಗಗಳಾಗಿ ವಿಂಗಡಿಸುವಾಗ ವರ್ಷದ ಆರಂಭವೆಂದು ಹಿಡಿಯುತ್ತಿದ್ದ ದಿನಾಂಕವನ್ನು 1997ರಲ್ಲಿ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿಸಲಾಯಿತು. ಅದುವರೆಗೆ ಕಿರಿಯರ ಆಯ್ಕೆಗಳಲ್ಲಿ ಆಗಸ್ಟ್ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಹುಟ್ಟಿದವರೇ ಅಧಿಕವಾಗಿದ್ದರು. ದಿನಾಂಕ ಬದಲಾದದ್ದೇ ತಡ, ಜನವರಿಯ ಆಸುಪಾಸಿನಲ್ಲಿ ಹುಟ್ಟಿದವರು ಅವರ ಸ್ಥಾನಕ್ಕೆ ಬಂದರು. ಒಂದು ನಿಯಮದ ತಿದ್ದುಪಡಿಯಿಂದ ಆಗಸ್ಟಿನ ಮಕ್ಕಳ ಪ್ರತಿಭೆ ಬತ್ತಲೂ ಇಲ್ಲ, ಜನವರಿಯ ಮಕ್ಕಳಲ್ಲಿ ಹೊಸದಾಗಿ ಉಕ್ಕಲೂ ಇಲ್ಲ. ಆಯ್ಕೆಗಾರರು ಪ್ರತಿಭೆಯೆಂದು ಎಣಿಸಿದ್ದರಲ್ಲಿ ಬಹುಭಾಗ ಕೆಲವು ತಿಂಗಳುಗಳ ಹಿರಿತನ, ಒಂದೆರಡು ಅಂಗುಲದ ಎತ್ತರ. ಇಂದಿನ ಪಂದ್ಯವನ್ನು ಗೆಲ್ಲಲೇಬೇಕೆಂಬವನು ದೊಡ್ಡ ಹುಡುಗನನ್ನೇ ಆರಿಸುತ್ತಾನೆ. ತಡವಾಗಿ ಬೆಳೆಯುವ ಹುಡುಗ ಬೆಂಚಿನ ಮೇಲೆ ಕುಳಿತು ಕುಳಿತು, ತನ್ನ ಕಾಲ ಬರುವ ಮುನ್ನವೇ ಆಟವನ್ನು ಬಿಟ್ಟು ಹೋಗಿರುತ್ತಾನೆ.

ಇಷ್ಟು ಹೇಳಿದ ಮಾತ್ರಕ್ಕೆ ಗೆಲುವು ಹೇಯವೆಂದಾಗಲಿ, ಮಕ್ಕಳನ್ನು ಸೋಲಿನ ನೋವಿನಿಂದ ಕಾಪಾಡಬೇಕೆಂದಾಗಲಿ ನಾನು ಹೇಳುತ್ತಿಲ್ಲ. ಗೆಲ್ಲಬೇಕೆಂಬ ಆಸೆ ಮಗುವಿಗೆ ಸಹಜವಾದದ್ದು. ಬೀದಿಯಲ್ಲಿ ಎರಡು ಇಟ್ಟಿಗೆಗಳನ್ನಿಟ್ಟು ಆಡುವ ಹುಡುಗರನ್ನು ಗಮನಿಸಿರಿ: ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಪ್ರತಿಯೊಬ್ಬನ ನಾಲಿಗೆಯ ತುದಿಯಲ್ಲಿರುತ್ತದೆ, ಒಂದು ಗೋಲಿಗಾಗಿ ಜಗಳವೂ ನಡೆಯುತ್ತದೆ. ಆದರೆ ಒಂದು ಪಕ್ಷ ಮೇಲಿಂದ ಮೇಲೆ ಗೆಲ್ಲತೊಡಗಿತೆಂದರೆ ಅವರೇ ಆಟವನ್ನು ನಿಲ್ಲಿಸಿ, ಬಲಶಾಲಿಯೊಬ್ಬನನ್ನು ಆಚೆಯ ಪಕ್ಷಕ್ಕೆ ಕಳುಹಿಸಿ, ಮೊದಲಿನಿಂದ ಪ್ರಾರಂಭಿಸುತ್ತಾರೆ. ಏಕಪಕ್ಷೀಯವಾದ ಗೆಲುವಿನಲ್ಲಿ ರುಚಿಯಿಲ್ಲವೆಂಬ ಈ ವಿವೇಕವನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಮಗುವಿನ ಗೆಲುವು ಆ ಸಂಜೆಯದು, ಮರುದಿನ ಮತ್ತೆ ಶೂನ್ಯದಿಂದ ಮೊದಲು. ವರ್ಷವಿಡೀ ಕೂಡಿಟ್ಟು ಗೋಡೆಗೆ ಅಂಟಿಸುವ ಗೆಲುವು ದೊಡ್ಡವರದು. ಹದಿನಾರು ಹದಿನೇಳರ ಪ್ರಾಯಕ್ಕೆ ಬಂದ ಆಟಗಾರ ಈ ಎರಡನೆಯ ಬಗೆಯ ಗೆಲುವಿನ ಭಾರವನ್ನೂ ಹೊರಲು ಕಲಿಯಬೇಕಾದದ್ದು ನ್ಯಾಯವೇ. ನಾರ್ವೆಯವರು ಇದನ್ನು ಚೆನ್ನಾಗಿ ತಿಳಿದವರು: 1987ರಿಂದಲೂ ಅಲ್ಲಿ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮಾವಳಿಯಿದ್ದು, ಇಂದಿನ ನಿಯಮದಂತೆ ಮಗುವಿಗೆ 11 ತುಂಬುವ ವರ್ಷದವರೆಗೆ ಅಂಕಪಟ್ಟಿ ಇಲ್ಲ, 13 ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟವಿಲ್ಲ.

ನಮ್ಮಲ್ಲಿ ಈ ಆಟ ಹೊಸತಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿದ ಭಾರತ ತಂಡದ ಪರವಾಗಿ ಫ್ರಾನ್ಸಿನ ಎದುರು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂಥ ನಾಡಿನಲ್ಲಿ ಕಿರಿಯರ ಪಂದ್ಯಾವಳಿಯೆಂದರೆ ಜನನಪತ್ರದ ತಿದ್ದುಪಡಿ ನೆನಪಾಗುವಂತೆಯೂ, ಹುಡುಗನ ನಿಜವಾದ ವಯಸ್ಸನ್ನು ಅಂದಾಜು ಮಾಡಲು ಅವನ ಮಣಿಕಟ್ಟಿನ ಎಕ್ಸ್‌ರೇ ತೆಗೆಸಬೇಕಾಗುವಂತೆಯೂ ಆಗಿರುವುದು ದುಃಖದ ಸಂಗತಿ. ಹದಿನೈದರವನನ್ನು ಹದಿಮೂರರವನೆಂದು ಆಡಿಸುವ ಹಿರಿಯನು, ನಿಜವಾಗಿ ಹದಿಮೂರಾಗಿರುವ ಬಾಲಕನ ಸ್ಥಾನವನ್ನು ಕದಿಯುವುದಲ್ಲದೆ, ಆಡುವವನಿಗೂ ಸುಳ್ಳನ್ನೇ ಮೊದಲ ಪಾಠವಾಗಿ ಕಲಿಸುತ್ತಾನೆ. ಅಖಿಲ ಭಾರತ ಕಾಲ್ಚೆಂಡು ಒಕ್ಕೂಟ 2018ರಲ್ಲಿ ಆರಂಭಿಸಿದ ಗೋಲ್ಡನ್ ಬೇಬಿ ಲೀಗ್, ಎಳೆಯರಿಗೆ ಸಣ್ಣ ಮೈದಾನ, ಸಣ್ಣ ತಂಡ ಎಂಬ ತತ್ತ್ವವನ್ನು ನಮ್ಮಲ್ಲಿಗೂ ತಂದಿದೆ. ಊರೂರಿನ ಶಾಲೆಗಳಿಗೆ ಆ ತತ್ತ್ವ ಹರಡುವುದು ಅಗತ್ಯ.

ಮಕ್ಕಳನ್ನು ಅಕಾಡೆಮಿಗೆ ಸೇರಿಸಲು ಹೊರಟ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಕಪ್ಪುಗಳ ಕಪಾಟನ್ನು ನೋಡಿ ಮರುಳಾಗದೆ, ಅಲ್ಲಿನ ಒಂದು ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿರಿ. ಎಲ್ಲರಿಗಿಂತ ಚಿಕ್ಕವನಾಗಿ ಕಾಣುವ ಹುಡುಗ ಎಷ್ಟು ಹೊತ್ತು ಆಡಿದನು, ಅವನ ಕಾಲಿಗೆ ಚೆಂಡು ಎಷ್ಟು ಬಾರಿ ಬಂದಿತು, ತಪ್ಪಿದಾಗ ಗೆರೆಯಾಚೆಯಿಂದ ಅವನಿಗೆ ಯಾವ ಮಾತು ಕೇಳಿಸಿತು ಎಂಬುದನ್ನು ಗಮನಿಸಿ, ಆಮೇಲೆ ಶುಲ್ಕವನ್ನು ಕಟ್ಟಿರಿ. ಪಂದ್ಯಾವಳಿಗಳನ್ನು ನಡೆಸುವ ಮಹನೀಯರು ಹನ್ನೆರಡು ವರ್ಷದೊಳಗಿನವರಿಗೆ ಗೋಲುಗಂಬಗಳನ್ನು ಕಿರಿದುಮಾಡಿ, ಪ್ರತಿಯೊಂದು ಮಗುವೂ ಕನಿಷ್ಠಪಕ್ಷ ಅರ್ಧ ಪಂದ್ಯವನ್ನು ಆಡತಕ್ಕದ್ದೆಂದು ಬರುವ ವರ್ಷದ ನಿಯಮದಲ್ಲಿ ಬರೆಯಲಿ.